ನಂಬರಿಗೆ ಚಕ್ಕುಬಂದಿ

ಇಂಟರ್ನೆಟ್ ವಿಳಾಸದ ನಂಬರು ಹಂಚುವ ಕಚೇರಿಯವನು ನಾನು; ಕೊಳ್ಳೇಗಾಲದ ಒಂದು ನೇಕಾರರ ಮನೆಯಲ್ಲಿ ಛಾಪಾ ಕಾಗದವೊಂದನ್ನು ಓದಿ ಕುರ್ಚಿಯಿಂದ ಎದ್ದುಬಿಟ್ಟೆ. ಮನೆಮನೆಗೆ ಇಂಟರ್ನೆಟ್ ಕೊಡುವ ಅಣ್ಣತಮ್ಮ ಬೇರೆಯಾಗಿದ್ದರು. ಕೊಳ್ಳೇಗಾಲದ ಗಿರಾಕಿಗಳು ಅಣ್ಣನಿಗೆ, ಹನೂರಿನವರು ತಮ್ಮನಿಗೆ. ಮನೆ, ಮಗ್ಗದ ಜೊತೆಗೆ ಇಂಟರ್ನೆಟ್ ವಿಳಾಸದ ನಂಬರುಗಳನ್ನೂ ಭಾಗಪತ್ರಕ್ಕೆ ಸೇರಿಸಿಬಿಟ್ಟಿದ್ದರು. ಅದಕ್ಕೆ ಚಕ್ಕುಬಂದಿ ಬೇರೆ: "ಪೂರ್ವಕ್ಕೆ ತಮ್ಮನ ನಂಬರು, ಪಶ್ಚಿಮಕ್ಕೆ ಬೇರೆ ಕಂಪನಿಯ ನಂಬರು."

"ಇದು ನಿಮ್ಮ ಆಸ್ತಿ ಅಲ್ಲ ಕಣ್ರೀ! ಬಳಸೋಕೆ ಕೊಟ್ಟಿರೋದು. ಹೀಗೆ ಪಾಲು ಮಾಡಿದ್ದು ಗೊತ್ತಾದರೆ ಎಲ್ಲಾ ಕಿತ್ಕೋತಾರೆ, ನಿಮ್ಮ ಗಿರಾಕಿಗಳ ನೆಟ್ಟೇ ನಿಂತುಹೋಗುತ್ತೆ!" ಎಂದೆ.

ಅಣ್ಣ ನಮ್ಮ ಕಚೇರಿಯ ನಿಯಮದ ಪುಸ್ತಕ ತಂದು ನನ್ನ ಮುಂದಿಟ್ಟ. "ಅಂಗಂತ ಇದ್ರಲ್ಲಿ ಎಲ್ಲೈತೆ, ತೋರ್ಸಿ ಸಾ."

ಅದನ್ನು ಕನ್ನಡಕ್ಕೆ ತಂದವನು ನಾನೇ. ಧೈರ್ಯವಾಗಿ ಬೆರಳಿಟ್ಟೆ: "ಸಂಖ್ಯಾ ಸಂಪನ್ಮೂಲಗಳ ವಿನಿಯೋಜನೆಯು ಸ್ವಾಮ್ಯ ಹಸ್ತಾಂತರಣವಲ್ಲ." ಅವನು ಎರಡು ಸಲ ಓದಿ ನನ್ನ ಮುಖ ನೋಡಿದ. ನಾನೂ ಓದಿದೆ. ದೇವರಾಣೆ, ನನಗೇ ಅರ್ಥವಾಗಲಿಲ್ಲ.

ಒಳಗೆ ಮಗ್ಗದ ಸದ್ದು ನಿಂತಿತು. ಅವರ ತಾಯಿ ಅಲ್ಲಿಂದಲೇ ಕೂಗಿದರು: "ಲೇ, ಸೀರೆ ನೇಯಕೆ ಸಾವ್ಕಾರ್ರು ನಮ್ಗೆ ನೂಲು ಕೊಡಾಕಿಲ್ವಾ? ಮನೇಲಿರೋಗಂಟ ನಮ್ ಜವಾಬ್ದಾರಿ. ಮಗ್ಗ ನಿಲ್ಸಿದ್ರೆ ಉಳ್ದಿದ್ದು ವಾಪಸ್ಸು. ಆ ನೂಲ್ನ ಯಾವನಾದ್ರೂ ಭಾಗ ಮಾಡ್ಕತಾನೇನ್ಲಾ?"

ಅಣ್ಣ ಪೆಚ್ಚಾಗಿ ಪತ್ರ ಮಡಚಿದ. "ಇಷ್ಟೇನಾ ಸಾ? ಇಂಗೇ ಬರೀಬೋದಾಗಿತ್ತಲ್ಲ."

ಬರೆದೆ. ಆ ತಾಯಿಯ ಮಾತನ್ನೇ ಉದಾಹರಣೆಯಾಗಿ ಹಾಕಿ ಮೇಲಿನವರಿಗೆ ಕಳಿಸಿದೆ. ಅವರು ಒಪ್ಪಿದ್ದಾರೆ, ಒಂದು ತಿದ್ದುಪಡಿ ಮಾತ್ರ ಕೇಳಿದ್ದಾರೆ. 'ವಿನಿಯೋಜನೆ' ಎಂದರೇನೆಂದು ಇಷ್ಟು ದಿನ ಒಬ್ಬರೂ ಕೇಳಿರಲಿಲ್ಲ; ಈಗ 'ನೂಲು' ಎಂಬುದಕ್ಕೆ ಅಡಿಟಿಪ್ಪಣಿ ಬೇಕಂತೆ.