ನೀರು ಕುಡಿದ ಉಪವಾಸ

ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದಾಗ ಒಂದು ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿದರೆ ಬಾಯಾರಿಕೆ ಇಲ್ಲದವರಿಗೂ ಬಾಯಾರುತ್ತದೆ. ಈ ಸಲ ಶಿವರಾತ್ರಿ ಹತ್ತಿರ ಬಂದಾಗ ಸೊಸೆ ಗುಬ್ಬಿಯಿಂದ ಅಂಥದೊಂದು ಮಡಕೆ ತಂದು, ಬೇಕೆಂದೇ ನನ್ನ ಮಂಚದ ಪಕ್ಕ ಇಟ್ಟಳು. ಕಿಡ್ನಿ ಡಾಕ್ಟರು ಅವಳ ಎದುರಿಗೇ ಹೇಳಿದ್ದರು: "ಅಜ್ಜಿ, ಈ ಸಲ ನೀರು ಬಿಟ್ರೆ ನೇರ ಇಲ್ಲಿಗೇ ಬರ್ತೀರ. ಬೆಡ್ ರೆಡಿ ಮಾಡ್ಸಿರ್ತೀನಿ."

ನನ್ನ ಉಪವಾಸದ ವಿಷಯ ನಿಮಗೆ ಗೊತ್ತಿಲ್ಲ. ಚೇಳೂರಿನಿಂದ ಸೊಸೆಯಾಗಿ ಬಂದಾಗಿನಿಂದ ಶಿವರಾತ್ರಿ ದಿನ ಹನಿ ನೀರು ಮುಟ್ಟಿದವಳಲ್ಲ. ಬೇರೆ ಹೆಂಗಸರು ಹಣ್ಣು, ಹಾಲು, ಆಮೇಲೆ ಅವಲಕ್ಕಿ ಎಂದು ಉಪವಾಸದ ದಿನವೇ ಹೆಚ್ಚು ತಿನ್ನುತ್ತಾರೆ. ನಮ್ಮ ಮರಳೂರಿನ ಗುಡಿಯಲ್ಲಿ ನನಗೆ ಕಂಬಕ್ಕೆ ಒರಗುವ ಜಾಗ ಬಿಟ್ಟುಕೊಡುತ್ತಾರೆ, ನೀರೂ ಮುಟ್ಟದವಳು ಎಂದು. ಮಾತು ಬಂತೆಂದು ಹೇಳಿದೆ, ಜಂಬಕ್ಕಲ್ಲ. ಜಂಬಕ್ಕೂ ಹೌದು ಬಿಡಿ.

ಮಡಕೆಗೆ ಬೆನ್ನು ಹಾಕಿ ಮಲಗಿದಾಗ ರೇಚಲಮ್ಮ ನೆನಪಾದಳು.

ಬಹಳ ಹಿಂದೆ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದವಳು. ಗಂಡನಿಗೆ ಇಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ, ಊರು ಬಾಂಬೆ ಕಡೆ. ಯಾವ ಜನ ಎಂದು ಕೇಳಿದ್ದಕ್ಕೆ "ನಾವು ಯೆಹೂದಿಗಳು ಅಕ್ಕ" ಎಂದಳು. ಅಂಥ ಜನ ಇದ್ದಾರೆಂದೇ ನನಗೆ ಗೊತ್ತಿರಲಿಲ್ಲ. "ಯಾರಾದ್ರೂ ಆಗು, ಟ್ಯಾಂಕ್ ತುಂಬಿದ್ ಮೇಲೆ ಮೋಟರ್ ಆಫ್ ಮಾಡು" ಎಂದೆ. ಸೀರೆ ಉಡುತ್ತಿದ್ದಳು, ಗಂಡನ ಜೊತೆ ಮರಾಠಿ ಆಡುತ್ತಿದ್ದಳು. ಕನ್ನಡ ನನ್ನಿಂದ ಕಲಿತಳು, ಅದಕ್ಕೇ ಬೈಗುಳ ಮಾತ್ರ ಚೆನ್ನಾಗಿ ಬರುತ್ತಿತ್ತು.

ಅವರಿಗೂ ವರ್ಷಕ್ಕೊಂದು ದೊಡ್ಡ ಉಪವಾಸವಂತೆ. ಹಿಂದಿನ ದಿನ ಹೊತ್ತು ಮುಳುಗುವ ಮೊದಲು ಉಂಡರೆ, ಮಾರನೆಯ ದಿನ ಕತ್ತಲಾಗಿ ಚುಕ್ಕಿ ಕಾಣುವವರೆಗೆ ಅನ್ನವಿಲ್ಲ, ನೀರಿಲ್ಲ, ಸ್ನಾನವಿಲ್ಲ, ಚರ್ಮದ ಚಪ್ಪಲಿಯಿಲ್ಲ. ಕೇಳಿ ನನಗೆ ಅವಳ ಮೇಲೆ ಮರ್ಯಾದೆ ಬಂತು. ಸರಿಜೋಡಿ ಸಿಕ್ಕಳು ಅಂದುಕೊಂಡೆ.

ಮಾರನೆಯ ವರ್ಷ ಆ ದಿನ ಬಂದಾಗ ಅವಳು ಏಳು ತಿಂಗಳ ಬಸುರಿ. ಗಂಡ ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಹೋಗಿದ್ದ. ಮಧ್ಯಾಹ್ನ ಮೇಲೆ ಹೋದರೆ, ಬಿಳಿ ಸೀರೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ. ತುಟಿ ಬಿರಿದಿದೆ, ಕಣ್ಣು ಮೇಲಕ್ಕೆ ಹೋಗುತ್ತಿದೆ.

"ಡಾಕ್ಟ್ರಮ್ಮ ಏನಂದ್ರೇ?"

"ನೀರು ಬಿಡಬೇಡ ಅಂದ್ರು. ಹೊಟ್ಟೆಯಲ್ಲಿ ನೀರು ಕಡಿಮೆ ಇದೆ ಅಂದ್ರು."

"ನಿಮ್ ಜನ ಏನಂತಾರೆ?"

ಅವರ ಗುರುಗಳನ್ನು ಮೊದಲೇ ಕೇಳಿದ್ದಳಂತೆ. ಡಾಕ್ಟರು ಬೇಡವೆಂದರೆ ಕುಡಿಯಲೇಬೇಕು, ಬಾಯಿ ತುಂಬುವುದಕ್ಕಿಂತ ಕಮ್ಮಿ, ಒಂದಷ್ಟು ಹೊತ್ತು ಬಿಟ್ಟು ಮತ್ತೆ ಅಷ್ಟೇ, ಅದರಿಂದ ಆಗದಿದ್ದರೆ ಬೇಕಾದಷ್ಟು ಕುಡಿ ಎಂದಿದ್ದರಂತೆ.

"ಮತ್ತೆ ಕುಡಿಯೋಕೇನೇ ರೋಗ?"

"ಹುಡುಗಿ ಆಗಿದ್ದಾಗಿಂದ ಒಂದು ಸಲಾನೂ ಮುರಿದಿಲ್ಲ ಅಕ್ಕ. ನಿಮಗೆ ಗೊತ್ತಾಗಲ್ವಾ?"

ಗೊತ್ತಾಗದೆ ಏನು! ಊರಲ್ಲಿ ಇನ್ಯಾರಿಗೆ ಗೊತ್ತಾಗಬೇಕು? ಆದರೆ ಸೆರಗಿನ ಕೆಳಗೆ ಮಗು ಒದೆಯುವುದು ಕಣ್ಣಿಗೆ ಕಾಣುತ್ತಿತ್ತು. ನನಗೆ ಸಿಟ್ಟು ಬಂತು.

"ನಿನ್ ದೇವ್ರೇ ಕುಡಿ ಅಂದ್ಮೇಲೆ ಕುಡಿಯಲ್ಲ ಅನ್ನೋಕೆ ನೀನ್ಯಾವಳೇ? ದೇವ್ರಿಗಿಂತ ದೊಡ್ಡವಳಾ?"

ಕೆಳಗೆ ಓಡಿ, ನನ್ನ ಮಕ್ಕಳಿಗೆ ಹಾಲು ಹಾಕುತ್ತಿದ್ದ ಒಳಲೆ ತಂದೆ. ಗುಟುಕಿಗಿಂತ ಕಮ್ಮಿ ಹಿಡಿಯುವ ಪಾತ್ರೆ ಮನೆಯಲ್ಲಿ ಅದೊಂದೇ. ಚೊಂಬಿನಿಂದ ನೀರು ತುಂಬಿ ಕೈಗೆ ಕೊಟ್ಟೆ. ಅವರ ಮಂತ್ರ ಏನೋ ಗೊಣಗಿದಳು, ಅತ್ತಳು, ಕುಡಿದಳು. ಕೆಳಗಿಟ್ಟಳು. ಗಡಿಯಾರ ನೋಡುತ್ತ ಕೂತಳು. ಚೊಂಬು ಕೈಗೆಟುಕುವಲ್ಲೇ ಇತ್ತು. ಕೈ ಹೋಗಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಹಿಂಗೆ ಚಪ್ಪರಿಸೋದೂ ಒಂದು ಉಪವಾಸವೇನೇ?" ಎಂದೆ.

"ಕುಡಿಯದೆ ಇರೋದು ಸುಲಭ ಅಕ್ಕ. ಇಷ್ಟೇ ಕುಡಿದು ನಿಲ್ಲಿಸಿ ನೋಡಿ."

ಅದೇನು ಮಹಾ ಎಂದು ನಾನೂ ಒಂದೊಳಲೆ ಬಾಯಿಗೆ ಹುಯ್ದುಕೊಂಡೆ. ಮೆಟ್ಟಿಲು ಹತ್ತಿ ಇಳಿದ ದಣಿವು ಬೇರೆ. ನಾಲಿಗೆಗೆ ನೀರು ತಗುಲಿದ್ದೇ ತಡ, ಅಷ್ಟಕ್ಕೇ ನಿಲ್ಲಿಸಲು ಗಂಟಲು ಒಪ್ಪಲಿಲ್ಲ. ಚೊಂಬೆತ್ತಿ ಗಟಗಟ ಇಳಿಸಿಬಿಟ್ಟೆ. ಬಿರಿದ ತುಟಿಯಲ್ಲೇ ಅವಳು ನಕ್ಕಳು, ನಾನೇ ಕಲಿಸಿದ ಬೈಗುಳವನ್ನು ನನಗೇ ಬೈದಳು. ಚುಕ್ಕಿ ಕಾಣುವವರೆಗೆ ಒಳಲೆ ಒಳಲೆಯಾಗಿಯೇ ಕುಡಿದು ಕೂತಳು. ತಿಂಗಳು ತುಂಬಿ ಮಗಳು ಹುಟ್ಟಿದಳು, ಗಟ್ಟಿ ಗಂಟಲಿನವಳು. ಮುಂದಿನ ವರ್ಷ ಅವರಿಗೆ ವರ್ಗವಾಯಿತು.

ಈ ಸಲದ ಶಿವರಾತ್ರಿ ದಿನ ನಾನೇ ಬಾಟಲಿಗೆ ನೀರು ತುಂಬಿಕೊಂಡು ಗುಡಿಗೆ ಹೋದೆ. ಡಾಕ್ಟರು ಹೇಳಿದ ಅಳತೆಯಷ್ಟೂ ಒಳಗೆ ಹೋಗಬೇಕು, ಹೋಗಲಿ. ಆದರೆ ಒಂದೊಂದೇ ಗುಟುಕು. ಬಚ್ಚಿಟ್ಟು ಕುಡಿಯುವ ಜಾತಿ ನನ್ನದಲ್ಲ. ಕಂಬಕ್ಕೆ ಒರಗಿ, ಎಲ್ಲರೆದುರಿಗೆ ಮುಚ್ಚಳ ತೆಗೆದೆ.

ಪಕ್ಕದ ಮನೆಯ ಗೌರಮ್ಮ ಕಾದಿದ್ದವಳ ಹಾಗೆ ಕೇಳಿದಳು: "ಏನಕ್ಕ, ಕೊನೆಗೂ ಸೋತ್ಬುಟ್ಯಲ್ಲ?"

"ಸೋತಿಲ್ಲ ಕಣೇ. ಇದು ನಿನ್ ಕೈಲಿ ಆಗೋ ಉಪವಾಸ ಅಲ್ಲ, ಬುಡು."

ಒಂದು ಗುಟುಕು ಕುಡಿದು ಮುಚ್ಚಳ ಹಾಕಿದೆ. ಇನ್ನೂ ಬಾಯಾರುತ್ತಿತ್ತು.