ಟಾಂಕಿಯೊಳಗಿನ ಎಮ್ಮೆ

ನಿನ್ನೆ ನಮ್ಮ ಸೊಸೈಟಿಯ ನೀರಿನ ಟಾಂಕಿ ತೊಳೆಯುವವರು ಬಂದಿದ್ದರು. ಮುಲುಂಡಿನ ಈ ಕಟ್ಟಡದಲ್ಲಿ ಆಗಾಗ ಹೀಗೆ ತೊಳೆಸುತ್ತಾರೆ. ಬಕೆಟ್ಟುಗಳಲ್ಲಿ ನೀರು ತುಂಬಿಸಿಟ್ಟುಕೊಳ್ಳಿ ಎಂದು ಹಿಂದಿನ ದಿನವೇ ನೋಟೀಸು ಅಂಟಿಸಿರುತ್ತಾರೆ. ನಾನು ತುಂಬಿಸಿಟ್ಟಿದ್ದೆ. ಆದರೆ ಕಬ್ಬಿಣದ ಮುಚ್ಚಳ ಎಳೆದ ಸದ್ದಿನ ಹಿಂದೆಯೇ ಮೇಲಕ್ಕೆ ಬಂದ ವಾಸನೆಗೆ ಸಿದ್ಧಳಾಗಿರಲಿಲ್ಲ. ಬ್ಲೀಚಿಂಗ್ ಪೌಡರು, ತುಕ್ಕು, ಬಹಳ ಕಾಲ ಬೆಳಕು ಕಾಣದ ಸಿಮೆಂಟಿನ ತಣ್ಣನೆಯ ವಾಸನೆ... ಅಡುಗೆಮನೆಯಲ್ಲಿದ್ದವಳು ಕಿಟಕಿ ಮುಚ್ಚಿದೆ. ಅಂಗೈಗೆ ಬೆಲ್ಲ ಅಂಟಿದಂತೆ ಅನ್ನಿಸಿತು. ತೊಳೆದುಕೊಳ್ಳಲು ನಲ್ಲಿ ತಿರುಗಿಸಿದೆ. ನೀರಿರಲಿಲ್ಲ.

ಆ ವಾಸನೆಯ ಜೊತೆಗೆ ಯಾವಾಗಲೂ ಮೇಲಿನ ಮಾಮಿ ಬರುತ್ತಾರೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಜೋಗೇಶ್ವರಿಯಲ್ಲಿದ್ದೆವು. ಧಾರವಾಡದಲ್ಲಿ ಬಿ.ಎ. ಮುಗಿಸಿ ಮದುವೆಯಾಗಿ ಬಂದವಳು ನಾನು. ಗಂಡನಿಗೆ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಉದ್ದನೆಯ ಗ್ಯಾಲರಿಗೆ ತೆರೆದುಕೊಂಡ ಸಾಲು ಖೋಲಿಗಳ ಹಳೆಯ ಬಿಲ್ಡಿಂಗು, ಕೆಳಗೆ ಕಂಪೌಂಡು, ಕಂಪೌಂಡಿನ ಮೂಲೆಯಲ್ಲಿ ನೆಲದೊಳಗೆ ಕಟ್ಟಿದ ನೀರಿನ ಟಾಂಕಿ. ನಮ್ಮ ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯ ದಂಪತಿ ಇದ್ದರು. ಗಂಡ ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಹೆಂಡತಿಗೆ ಐವತ್ತರ ಹತ್ತಿರ ವಯಸ್ಸು, ಮಕ್ಕಳಿಲ್ಲ. ಮಕ್ಕಳೆಲ್ಲ ಮೇಲಿನ ಮಾಮಿ ಎನ್ನುತ್ತಿದ್ದರು, ನಾವೂ ಹಾಗೇ ಅನ್ನತೊಡಗಿದೆವು.

ಸಂಜೆಯಾದರೆ ಮಾಮಿ ಮೆಟ್ಟಿಲ ಮೇಲೆ ಬಂದು ಕೂರುವರು. ಸುತ್ತ ಬಿಲ್ಡಿಂಗಿನ ಕನ್ನಡದ ಮಕ್ಕಳು. ಕನ್ನಡದ ಮಕ್ಕಳು ಎಂದೆ, ಆದರೆ ಅವರು ಆಡುತ್ತಿದ್ದದ್ದು ಹಿಂದಿ, ಜಗಳವಾಡುತ್ತಿದ್ದದ್ದು ಮರಾಠಿ. ನನ್ನ ಮಗಳು ಬೇಬಿಗೆ ಆಗ ಐದು ವರ್ಷ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಡವರಿಸಿ ಅರ್ಧ ಉತ್ತರ ಕೊಡುತ್ತಿದ್ದವಳು ಮಾಮಿಯ ಮೆಟ್ಟಿಲ ಮೇಲೆ ಮಾತ್ರ ಒಂದೂ ತಡೆಯಿಲ್ಲದೆ ಕನ್ನಡ ನುಡಿಯುತ್ತಿದ್ದಳು. ಏನನ್ನು ನುಡಿಯುತ್ತಿದ್ದಳು ಎಂಬುದೇ ನನ್ನ ತಕರಾರು.

ಟಾಂಕಿಯೊಳಗೆ ಎಮ್ಮೆ ಉಂಟು,
ಎಮ್ಮೆ ಮೂಗಲಿ ಕನ್ನಡ್ಕ ಉಂಟು,
ಕನ್ನಡ್ಕದಲ್ಲಿ ಲೋಕಲ್ ಉಂಟು,
ಲೋಕಲ್ ತುಂಬ ಬೆಂಡೆಕಾಯಿ,
ಬೆಂಡೆಕಾಯಿಗೆ ಕೆಮ್ಮು ಬಂತು...

ಒಂದೊಂದು ಸಾಲು ಒಂದೊಂದು ಮಗುವಿನದು. ಬೆಂಡೆಕಾಯಿ ತುಂಬಿದ ಲೋಕಲ್ ರೈಲಿನ ನಾಲ್ಕನೆಯ ಸಾಲು ನನ್ನ ಮಗಳದು. ಕೊನೆಯ ಸಾಲು ಮಾಮಿಯದು, ಅದು ದಿನವೂ ಬೇರೆ. ಕೆಮ್ಮಿದ್ದಕ್ಕೆ ಚಂದ್ರನ ಚಡ್ಡಿ ಜಾರಿತು ಎಂದು ಒಂದು ದಿನ, ಸ್ಟೇಷನ್ ಮಾಸ್ತರರು ಮೊಟ್ಟೆಯಿಟ್ಟರು ಎಂದು ಇನ್ನೊಂದು ದಿನ. ಆ ಸಾಲಿಗಾಗಿ ಮಕ್ಕಳು ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ಆಟಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಒಬ್ಬರ ಸಾಲನ್ನು ಇನ್ನೊಬ್ಬರು ಹೇಳುವಂತಿಲ್ಲ. ಯಾರಾದರೂ ಮರೆತು ನಿಂತರೆ ಉಳಿದವರು ಮೊದಲಿನಿಂದ, ಇನ್ನೂ ಗಟ್ಟಿಯಾಗಿ ಶುರುಮಾಡಬೇಕು. ಮಗುವೊಂದು ಆಸೆ ತಡೆಯಲಾರದೆ ಪಕ್ಕದವನ ಸಾಲಿಗೆ ಬಾಯಿ ಹಾಕಿದರೆ ಮಾಮಿ ಗದರುವರು. "ಛೀ, ಎಂಜಲು! ಅವನ ಬಾಯಿಯ ಸಾಲು ನಿನಗೆ ಎಂತಕ್ಕೆ?"

ಎಂಜಲು ಎಂದರೆ ಆ ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರ ಮನೆಯಲ್ಲೂ ಅದೊಂದು ಪಾಠ ಆಗಿತ್ತು.

ನನಗೆ ಮಾಮಿಯ ಮೇಲೆ ಮೊದಲಿನಿಂದಲೂ ಗುಮಾನಿ. ಪಕ್ಕದ ಖೋಲಿಯ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ವಿಜಾಪುರದವಳು, ಅದಕ್ಕೆ ಆಗಾಗ ಎಣ್ಣೆ ಹೊಯ್ಯುತ್ತಿದ್ದಳು. "ಮಕ್ಕಳಿಲ್ಲದಾಕಿ, ಮಂದಿ ಹುಡುಗರ್ನ ಯಾಕ ಇಷ್ಟ ಹಚಗೋತಾಳ? ಏನರೆ ಇರಬೇಕ ನೋಡ ತಂಗಿ. ಅದು ಹಾಡೋ, ಮಂತ್ರನೋ, ಆ ದೇವರಿಗೇ ಗೊತ್ತು." ಮಂತ್ರದ ಮಾತನ್ನು ನಾನು ನಂಬಲಿಲ್ಲ, ಓದಿದವಳು. ನನ್ನ ಗುಮಾನಿ ಬೇರೆ ಜಾತಿಯದು. ಕಾಲೇಜಿನಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಒಂದಿಷ್ಟು ಓದಿದ್ದೆ. ಎಳೆಯ ಮಗು ಹೇಳಿದ್ದನ್ನೆಲ್ಲ ನಿಜವೆಂದೇ ತೆಗೆದುಕೊಳ್ಳುತ್ತದೆ, ಅದರ ಕಿವಿಗೆ ಹಾಕುವ ಪದ್ಯದಲ್ಲಿ ಏನಾದರೂ ಹುರುಳಿರಬೇಕು ಎಂಬುದು ನನ್ನ ತಿಳಿವಳಿಕೆ. ಊರಿನಿಂದ ತರಿಸಿದ್ದ ನೀತಿಪದ್ಯಗಳ ಪುಸ್ತಕ ನನ್ನ ಪೆಟ್ಟಿಗೆಯಲ್ಲಿತ್ತು. ಬೇಬಿ ಅದರ ಎರಡನೆಯ ಸಾಲಿಗೇ ಆಕಳಿಸುತ್ತಿದ್ದಳು.

ಒಂದು ದಿನ ಮೆಟ್ಟಿಲಿಗೇ ಹೋಗಿ ಕೇಳಿದೆ.

"ಮಾಮಿ, ಸಿಟ್ಟಾಗಬ್ಯಾಡ್ರಿ. ಹುಡುಗರಿಗೆ ಇಂಥಾ ಅರ್ಥ ಇಲ್ಲದ್ದು ಯಾಕ ಕಲಸ್ತೀರಿ? ಟಾಂಕ್ಯಾಗ ಎಮ್ಮಿ ಎಲ್ಲಿಂದ ಬರಬೇಕ್ರಿ?"

"ನಿಮ್ಮ ಪುಸ್ತಕದ ಪದ್ಯದಲ್ಲಿ ನರಿ ಮಾತಾಡ್ತದಲ್ಲ, ಅದಕ್ಕೆ ಕನ್ನಡ ಯಾರು ಕಲಿಸಿದ್ದು ಮಾರಾಯ್ತಿ?"

"ಅದರಾಗ ನೀತಿ ಅದರಿ."

"ಹಾಗಾದ್ರೆ ನಮ್ಮ ಎಮ್ಮೆಗೂ ಒಂದು ನೀತಿ ಹಾಕುವ. ಹಾಲು ಕುಡಿದವ ಹಲ್ಲುಜ್ಜಬೇಕು. ಸಾಕಾ?"

ಮಕ್ಕಳು ಬಿದ್ದು ಬಿದ್ದು ನಕ್ಕವು. ನನ್ನ ಮಗಳೂ ನಕ್ಕಳು. ನಗು ನಿಂತ ಮೇಲೆ ಮಾಮಿ ಸ್ವಲ್ಪ ತಗ್ಗಿದ ದನಿಯಲ್ಲಿ, "ಇದು ಸುಳ್ಳು ಅಂತ ಮಕ್ಕಳಿಗೆ ಗೊತ್ತುಂಟು. ಗೊತ್ತಾಗದ್ದು ದೊಡ್ಡವರಿಗೆ," ಎಂದರು. ನಾನು ಮಗಳ ಕೈ ಹಿಡಿದು ಎಳೆದುಕೊಂಡು ಬಂದೆ. ಮರುದಿನ ಅವಳು ಮತ್ತೆ ಅಲ್ಲೇ ಇದ್ದಳು. ಇರಲಿ ಬಿಡು, ಅಷ್ಟಾದರೂ ಕನ್ನಡ ಬರತದ, ಎಂದು ಗಂಡ ನಕ್ಕರು.

ನರಿಯ ಮಾತಿಗೆ ಉತ್ತರ ಹೊಳೆದದ್ದು ಆಮೇಲೆ, ಹೊಳೆಯಬಾರದ ರೀತಿಯಲ್ಲಿ. ಮಾತಾಡುವ ನರಿ ಜೋಗೇಶ್ವರಿಯಲ್ಲಿರಲಿಲ್ಲ. ಟಾಂಕಿ ಇತ್ತು.

ಮೇ ತಿಂಗಳು, ಶಾಲೆಗೆ ರಜೆ. ನೀರಿನ ತೊಂದರೆ ಬಹಳವಿದ್ದ ವರ್ಷ ಅದು. ಪಂಪು ನೋಡಿಕೊಳ್ಳುವ ಭಯ್ಯಾ ಮಧ್ಯಾಹ್ನ ಟಾಂಕಿಯ ಮುಚ್ಚಳ ಸರಿಸಿ ನೀರೆಷ್ಟಿದೆ ಎಂದು ನೋಡುವ, ಮತ್ತೆ ಮುಚ್ಚುವ. ಆ ದಿನ ಸರಿಸಿದವನು ಪೂರ್ತಿ ಮುಚ್ಚದೆ ಎಲ್ಲಿಗೋ ಹೋಗಿದ್ದ. ಇದೆಲ್ಲ ಆಮೇಲೆ ತಿಳಿದದ್ದು.

ನಾನು ಖೋಲಿಯೊಳಗೆ ಅಕ್ಕಿ ಆರಿಸುತ್ತ ಕೂತಿದ್ದೆ. ಕೆಳಗಿನಿಂದ ಮಕ್ಕಳ ದನಿ ಬರುತ್ತಿತ್ತು. ಎಮ್ಮೆ, ಕನ್ನಡಕ, ಲೋಕಲ್. ಮತ್ತೆ ಎಮ್ಮೆ, ಕನ್ನಡಕ, ಲೋಕಲ್. ಪಕ್ಕದ ಬಾಯಿ ಗೋಡೆಯಾಚೆಯಿಂದ, "ಸುರು ಆತ ನೋಡ್ರಿ ಮಧ್ಯಾಹ್ನಾನೇ," ಎಂದು ಗೊಣಗಿದಳು. ಮೂರನೆಯ ಮಹಡಿಯ ಯಾರೋ ಹಿಂದಿಯಲ್ಲಿ ಬಯ್ದರು. ದನಿ ಏರುತ್ತಲೇ ಹೋಯಿತು. ಇಡೀ ಬಿಲ್ಡಿಂಗು ಕೇಳುತ್ತಿತ್ತು, ಮತ್ತು ಯಾರಿಗೂ ಕೇಳಿಸುತ್ತಿರಲಿಲ್ಲ. ಅದು ದಿನದ ಗಲಾಟೆ.

ಆಗ ಮೆಟ್ಟಿಲ ಮೇಲೆ ಯಾರೋ ದಡದಡನೆ ಇಳಿದ ಸದ್ದು. ಗ್ಯಾಲರಿಗೆ ಬಂದು ನೋಡಿದೆ. ಮಾಮಿ ಓಡುತ್ತಿದ್ದರು. ಮಹಡಿಯ ಮೇಲೆ ಸಂಡಿಗೆ ಇಡುತ್ತಿದ್ದವರು ಹಾಗೆಯೇ ಬಂದಿದ್ದರು, ಮೊಣಕೈವರೆಗೆ ಹಿಟ್ಟು. ಅವರು ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲಷ್ಟೇ ಮೂಲೆಯ ಕಡೆ ನೋಡಿದೆ. ಮಕ್ಕಳು ಟಾಂಕಿಯ ಬಾಯಿಯ ಸುತ್ತ ನಿಂತು ಒಳಗೆ ಬಗ್ಗಿ ಅಳುತ್ತ ಹಾಡುತ್ತಿದ್ದವು. ಮೂರು ಸಾಲು ಹೇಳಿ ನಿಲ್ಲುತ್ತಿದ್ದವು, ಒಳಗಿನಿಂದ ನಾಲ್ಕನೆಯದು ಬರಲೆಂದು. ಬಾರದಿದ್ದಾಗ ಮತ್ತೆ ಮೊದಲಿನಿಂದ, ಇನ್ನೂ ಗಟ್ಟಿಯಾಗಿ. ನಾಲ್ಕನೆಯದನ್ನು ತಾವೇ ಹೇಳಿ ಮುಗಿಸಲು ಯಾವುದಕ್ಕೂ ಧೈರ್ಯವಿರಲಿಲ್ಲ. ಅದು ಬೇಬಿಯ ಬಾಯಿಯದು. ಆ ಸಾಲು ಬಾರದ್ದನ್ನು ಇಡೀ ಬಿಲ್ಡಿಂಗಿನಲ್ಲಿ ಕೇಳಿಸಿಕೊಂಡವರು ಮಾಮಿ ಒಬ್ಬರೇ.

ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. ನೆನಪಿರುವುದು ಮಾಮಿ ನೆಲಕ್ಕೆ ಬಿದ್ದು ಆ ಕಿಂಡಿಯೊಳಗೆ ತಲೆಯಿಟ್ಟದ್ದು, "ಬೇಬೀ" ಎಂದು ಒಮ್ಮೆ ಕೂಗಿದ್ದು. ಏನೂ ಬರಲಿಲ್ಲ. ಕತ್ತಲೆ, ಆ ವಾಸನೆ. ಆಮೇಲೆ ಮಾಮಿ, ಮೆಟ್ಟಿಲ ಮೇಲೆ ಕೂತಾಗಿನ ಅದೇ ಸಹಜ ದನಿಯಲ್ಲಿ, ಕನ್ನಡ್ಕದಲ್ಲಿ ಲೋಕಲ್ ಉಂಟು, ಎಂದರು. ಮುಂದಿನ ಸಾಲಿಗೆ ಕಾದರು. ನಾನು ಮಗಳ ಹೆಸರು ಹಿಡಿದು ಕಿರುಚಲು ಬಾಯಿ ತೆರೆದರೆ ಹಿಟ್ಟಿನ ಕೈಯಿಂದ ನನ್ನ ಬಾಯಿ ಮುಚ್ಚಿದರು. ಆ ಹುಳಿ ಹಿಟ್ಟಿನ ರುಚಿ ನನಗೆ ಈಗಲೂ...

ಒಳಗಿನಿಂದ ನಡುಗುವ ದನಿಯೊಂದು ಬಂತು. "ಲೋಕಲ್ ತುಂಬ ಬೆಂಡೆಕಾಯಿ."

"ಹಾಂ, ಹೇಳ್ತಾ ಇರು ಮಗಾ. ಇವತ್ತು ಎಲ್ಲ ಸಾಲೂ ನಿನ್ನದೇ," ಎನ್ನುತ್ತ ಮಾಮಿ ಸೀರೆ ಎತ್ತಿ ಕಟ್ಟಿಕೊಂಡು ಒಳಗಿನ ಕಬ್ಬಿಣದ ಮೆಟ್ಟಿಲ ಮೇಲೆ ಇಳಿದರು. ಬೇಸಿಗೆಯಾದ್ದರಿಂದ ನೀರು ಅವರ ಎದೆಮಟ್ಟ ಮಾತ್ರ ಇತ್ತು. ಮಗು ದೂರದ ಮೂಲೆಯಲ್ಲಿ ಒಂದು ಪೈಪನ್ನು ತಬ್ಬಿಕೊಂಡಿತ್ತು. ಕತ್ತಲೆಯಲ್ಲಿ ಮಾಮಿ ಆ ದನಿಯ ಹಿಂದೆ ಹೋದರು. ಎಮ್ಮೆ, ಕನ್ನಡಕ, ಲೋಕಲ್, ಬೆಂಡೆಕಾಯಿ... ಒಂದು ಕಡೆ ದನಿ ನಿಂತಿತು. ಆಮೇಲೆ ಮಾಮಿಯ ಮಾತು ಕೇಳಿಸಿತು. "ಸಿಕ್ಕಿದಳು."

ಮೇಲೆ ಎತ್ತಿಕೊಂಡಾಗ ಬೇಬಿಯ ಬಲಗೈ ಮುಷ್ಟಿ ಬಿಗಿದಿತ್ತು. ಬಿಡಿಸಿ ನೋಡಿದೆ. ಒಳಗೆ ಕರಗಿ ಅಂಟಂಟಾದ ಬೆಲ್ಲದ ಚೂರು.

ಎಮ್ಮೆಗೆ, ಎಂದಳು.

ಯಾರು ಹೇಳಿದರು ಎಮ್ಮೆಗೆ ಬೆಲ್ಲ ಕೊಡು ಎಂದು? ಆ ಪ್ರಶ್ನೆ ಅಲ್ಲಿಂದ ಶುರುವಾಯಿತು. ಒಂದು ಮಗು ಹೇಳಿತು, ನಿನ್ನೆಯ ಕೊನೆಯ ಸಾಲಿನಲ್ಲಿ ಮಾಮಿಯೇ ಹೇಳಿದ್ದು, ಎಮ್ಮೆಗೆ ಬೆಲ್ಲ ಕೊಟ್ಟರೆ ಕೆಮ್ಮು ನಿಲ್ಲುತ್ತದೆ ಎಂದು. ಇನ್ನೊಂದು ಮಗು ಇಲ್ಲ ಎಂದಿತು, ನಿನ್ನೆಯ ಸಾಲಿನಲ್ಲಿ ಗೂಬೆಯ ಲಗ್ನವಾಗಿತ್ತು. ಬೇಬಿ ಒಮ್ಮೆ ಹೌದೆಂದಳು, ಒಮ್ಮೆ ತಾನೇ ಅಂದುಕೊಂಡೆ ಎಂದಳು. ಆ ರಾತ್ರಿ ಏರಿದ ಜ್ವರ ಬಿಟ್ಟ ಮೇಲೆ ಕೇಳಿದರೆ ಮುಸುಕೆಳೆದುಕೊಂಡಳು.

ಬಿಲ್ಡಿಂಗಿನಲ್ಲಿ ಸಭೆ ಸೇರಿತು. ಭಯ್ಯಾನಿಗೆ ಬೈಗಳಾಯಿತು, ಮುಚ್ಚಳಕ್ಕೆ ಬೀಗ ಬಂತು. ಆಮೇಲೆ ಮಾತು ತಾನಾಗಿಯೇ ಮಾಮಿಯ ಕಡೆ ತಿರುಗಿತು. "ಎಳೆದು ಹೊರಗ ತಂದಾಕಿನೂ ಅಕಿನ, ಒಳಗ ಕಳಿಸಿದಾಕಿನೂ ಅಕಿನ," ಎಂದಳು ಪಕ್ಕದ ಬಾಯಿ. ಹಲವರು ತಲೆದೂಗಿದರು. ಮಾಮಿ ಗಂಡನ ಹಿಂದೆ ನಿಂತು ಕೇಳಿಸಿಕೊಂಡರು. ಅಷ್ಟು ಮಾತುಗಾತಿ ಯಾಕೆ ಸುಮ್ಮನಿದ್ದರು ಎಂದು ನನಗೆ ಅದೂ ಗುಮಾನಿಯಾಯಿತು.

ಆಮೇಲೆ ಅವರು ಮೆಟ್ಟಿಲ ಮೇಲೆ ಕೂರಲಿಲ್ಲ. ಮಕ್ಕಳು ಎದುರಾದರೆ ಸೆರಗು ಸರಿಮಾಡಿಕೊಳ್ಳುತ್ತ ಬೇಗ ಹತ್ತಿ ಹೋಗುವರು. ಮಳೆಗಾಲ ಮುಗಿಯುವಾಗ ಗಂಡನಿಗೆ ಹೋಟೆಲಿನ ಹಿಂದೆಯೇ ಖೋಲಿ ಸಿಕ್ಕಿತು ಎಂದು ಹೊರಟರು. ಸಾಮಾನು ಇಳಿಸುತ್ತಿದ್ದಾಗ ನಾನು ಅವರನ್ನು ಗ್ಯಾಲರಿಯಲ್ಲಿ ತಡೆದೆ. ಮಗಳನ್ನು ಉಳಿಸಿಕೊಟ್ಟವರಿಗೆ ಕೈಮುಗಿಯಬೇಕಿತ್ತು, ಮುಗಿದೆ. ಆದರೆ ಬಾಯಿಂದ ಬಂದದ್ದು ಬೇರೆ.

"ಮಾಮಿ, ಖರೇ ಹೇಳ್ರಿ. ಹಿಂದಿನ ದಿನ ಕೊನೀ ಸಾಲು ಏನ್ ಹೇಳಿದ್ರಿ?"

ಅವರು ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟರು.

"ನಂಗೆ ನೆನಪಿಲ್ಲ. ಬಾಯಿಗೆ ಬಂದದ್ದು ಹೇಳುದು, ಮಕ್ಕಳು ನಗಾಡಿದ್ರೆ ಮುಗೀತು. ಅವತ್ತಿಂದ ನಾನೂ ದಿನಾ ಅದನ್ನೇ ಹುಡುಕ್ತಾ ಇದ್ದೇನೆ. ನಿಮಗೆ ನಂಬಿಕೆ ಬರುದಿಲ್ಲ ಅಂತ ಗೊತ್ತುಂಟು."

ನಂಬಿಕೆ ಬರಲಿಲ್ಲ. ಪೂರ್ತಿಯಾಗಿ ಇಂದಿಗೂ ಬಂದಿಲ್ಲ. ಬೆಲ್ಲದ ಮಾತು ಹೇಳಿದ್ದರೆ ಅವರೇ ಮಗುವನ್ನು ಟಾಂಕಿಗೆ ಕಳಿಸಿದಂತೆ, ಹೇಳದಿದ್ದರೆ ಅವರಿಗೆ ಅನ್ಯಾಯವಾದಂತೆ. ಆದರೂ ಮಗಳು ಬದುಕಿರುವುದು ಅದೇ ಹುಚ್ಚು ಪದ್ಯದಿಂದ. ನಾನು ಕಲಿಸಬೇಕೆಂದಿದ್ದ ನೀತಿಪದ್ಯವೇ ಅವಳ ಬಾಯಲ್ಲಿದ್ದರೆ ಆ ಕತ್ತಲೆಯಲ್ಲಿ ಅವಳು ಉತ್ತರ ಕೊಡುತ್ತಿದ್ದಳೇ? ಇಲ್ಲ, ನೀತಿಪದ್ಯವಿದ್ದಿದ್ದರೆ ಅವಳು ಟಾಂಕಿಯ ಹತ್ತಿರವೇ ಹೋಗುತ್ತಿರಲಿಲ್ಲ... ಹೀಗೆ ಎಷ್ಟೋ ವರ್ಷ ಲೋಕಲ್‌ನಲ್ಲಿ ಕೂತು ವಾದಿಸಿದ್ದೇನೆ. ಗಾಡಿಯ ಚಕ್ರಗಳೂ ಮೂರೇ ಸಾಲು ಹೇಳಿ ನಿಲ್ಲುತ್ತವೆ.

ನಾವು ಮುಲುಂಡಿಗೆ ಬಂದ ಮೇಲೆ ಒಮ್ಮೆ ಸಾಂತಾಕ್ರೂಜ್‌ನ ಆ ಹೋಟೆಲನ್ನು ಹುಡುಕಿಕೊಂಡು ಹೋಗಿದ್ದೆ. ಗಲ್ಲಾಪೆಟ್ಟಿಗೆಯ ಹಿಂದೆ ಬೇರೊಬ್ಬರಿದ್ದರು. "ಅವರಾ? ಊರಿಗೆ ಹೋಗಿ ಆಯ್ತಲ್ಲ. ಮಾಮಿ ತೀರಿಕೊಂಡ್ರು ಅಂತ ಕಾಗದ ಬಂದಿತ್ತು," ಎಂದರು. ಕಾಫಿ ಕುಡಿದು ಹೋಗಿ ಎಂದರು. ಕುಡಿದೆ. ಮಾಮಿಯ ಬಳಿ ಕೇಳಲು ಹೋದದ್ದು ಅದೇ ಪ್ರಶ್ನೆಯನ್ನೋ, ಬೇರೆ ಏನನ್ನೋ, ನನಗೇ ಈಗ ಸರಿಯಾಗಿ ಗೊತ್ತಿಲ್ಲ.

ನಿನ್ನೆ ಮಧ್ಯಾಹ್ನ ಮೊಮ್ಮಗಳು ಹಾಲ್‌ನಲ್ಲಿ ಆಡುತ್ತಿದ್ದಳು. ಬೇಬಿಯ ಮಗಳು, ರಜೆಗೆ ಬಂದಿದ್ದಾಳೆ. ಕನ್ನಡ ಅವಳಿಗೆ ಅವಳ ತಾಯಿಗಿಂತಲೂ ಕಡಿಮೆ. ಟಾಂಕಿ ತೊಳೆದು ಮುಗಿಯುವ ಹೊತ್ತಿಗೆ ಅಡುಗೆಮನೆಯಿಂದ ಬಂದ ನನ್ನನ್ನು ನೋಡಿ ಥಟ್ಟನೆ ಶುರುಮಾಡಿದಳು. ಟಾಂಕಿಯೊಳಗೆ ಎಮ್ಮೆ ಉಂಟು... ಅವಳಮ್ಮ ಯಾವಾಗ ಹೇಳಿಕೊಟ್ಟಳೋ, ನನಗೆ ಹೇಳಿರಲಿಲ್ಲ. ಬೆಂಡೆಕಾಯಿಗೆ ಕೆಮ್ಮು ಬರುವ ತನಕ ಒಬ್ಬಳೇ ಹೇಳಿ, ಬಾಯಿ ತೆರೆದುಕೊಂಡು ನಿಂತಳು.

"ಅಜ್ಜಿ, ಲಾಸ್ಟ್ ಲೈನ್ ನಿಂದು. ಮಮ್ಮಿ ಬೋಲೀ, ದೊಡ್ಡವರು ಹೇಳಬೇಕು."

ನಾನು ಬಾಲ್ಕನಿಗೆ ಹೋದೆ. ಕೆಳಗೆ ಕೆಲಸದವರು ಮುಚ್ಚಳ ಎಳೆದು ಮುಚ್ಚುತ್ತಿದ್ದರು. ಅದು ಪೂರ್ತಿ ಕೂತಿತೇ ಎಂದು ನೋಡಿದೆ. ಬೀಗ ಬಿದ್ದ ಸದ್ದು ಕೇಳಿದೆ. ಒಬ್ಬ ಬೀಗವನ್ನು ಎಳೆದು ನೋಡಿ ಹೋದ ಮೇಲೆ ಒಳಗೆ ಬಂದೆ.

ಮೊಮ್ಮಗಳು ಇನ್ನೂ ಕಾಯುತ್ತಿದ್ದಳು.

"ಮೊದಲಿಂದ ಹೇಳು," ಎಂದೆ.