ಗುಂಯ್‌ಗುಡುವ ಭಾನುವಾರಗಳು

ಕಾಗದನಗರದ ಕ್ವಾರ್ಟರ್ಸಿನಲ್ಲಿ ನಾನೊಬ್ಬನೇ ಇದ್ದ ವರ್ಷಗಳಲ್ಲಿ ನನ್ನ ಮನೆಗೆ ತಪ್ಪದೆ ಬರುತ್ತಿದ್ದವರು ಇಬ್ಬರೇ, ಹಾಲಿನವಳು ಮತ್ತು ಭಾಯ್. ಹಾಲಿನವಳು ಬಾಗಿಲಿನಿಂದಲೇ ಹಿಂತಿರುಗುತ್ತಿದ್ದಳು, ಭಾಯ್ ಒಳಗೆ ಬರುತ್ತಿದ್ದರು. ಅವರು ಭದ್ರಾವತಿಯಲ್ಲಿ ರೇಡಿಯೊ, ಟೇಪು, ಟಿ.ವಿ. ರಿಪೇರಿ ಮಾಡುವವರು, ನನಗಿಂತ ಐದಾರು ವರ್ಷ ದೊಡ್ಡವರು. ಅವರು ಬರುತ್ತಿದ್ದುದು ನನ್ನನ್ನು ನೋಡಲಿಕ್ಕಲ್ಲ, ನನ್ನ ಸ್ಟೀರಿಯೊದಲ್ಲಿ ಸೇರಿಕೊಂಡಿದ್ದ ಗುಂಯ್ ಎನ್ನುವ ಸದ್ದನ್ನು ಓಡಿಸಲಿಕ್ಕೆ. ನಾನಂತೂ ಹಾಗೆಂದೇ ತಿಳಿದಿದ್ದೆ.

ನನಗೆ ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಏನಾದರೊಂದು ಕೊಂಕು ತೆಗೆದು ಎದ್ದು ಬಂದವನು ನಾನೇ, ಹಾಗಾಗಿ ಯಾರ ಮೇಲೂ ದೂರಿಲ್ಲ. ಕಾರ್ಖಾನೆಯ ಲ್ಯಾಬಿನಲ್ಲಿ ಕಾಗದದ ತಿರುಳು ಪರೀಕ್ಷೆ ಮಾಡಿ ಸಂಜೆ ಮನೆಗೆ ಬಂದರೆ ಮಾತಿಗೆ ಗೋಡೆ. ಕುವೈತಿನ ಕೆಲಸ ಬಿಟ್ಟು ಹೊಳೆಹೊನ್ನೂರಿಗೆ ಮರಳಿದವರೊಬ್ಬರಿಂದ ದೊಡ್ಡ ಸ್ಟೀರಿಯೊ ಕೊಂಡಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಎಲ್ಲರ ಹಾಗೆ ಕಂಪ್ಯೂಟರನ್ನೂ ತಂದು ಹಳೆಯ ಹಾಡುಗಳನ್ನೆಲ್ಲ ಅದರೊಳಗೆ ತುಂಬಿದೆ. ಅದರ ಜೊತೆ ಬಂದ ಪುಟ್ಟ ಸ್ಪೀಕರುಗಳಲ್ಲಿ ಹಾಡುಗಾರರು ಡಬ್ಬಿಯೊಳಗೆ ಕೂತು ಹಾಡಿದ ಹಾಗೆ ಕೇಳುತ್ತಿತ್ತು. ಕಂಪ್ಯೂಟರಿನಿಂದ ಸ್ಟೀರಿಯೊಗೆ ಒಂದು ವೈರು ಎಳೆದೆ. ಹಾಡೂ ಬಂತು, ಅದರ ಕೆಳಗೆ ಬಿಡದೆ ಗುಂಯ್ ಎನ್ನುವುದೂ ಬಂತು.

ಭಾಯ್ ಮೊದಲ ಭಾನುವಾರ ಬಂದು, ಸ್ಟೀರಿಯೊದ ಹಿಂದೆ ನೆಲದ ಮೇಲೆ ಕೂತು ಕಿವಿಗೊಟ್ಟು ಕೇಳಿದರು. "ಅರ್ತಿಂಗ್ ತಕರಾರು ಸಾರ್. ಎಲ್ ಹೋಗ್ತದೆ, ಸಿಕ್ತದೆ ಬಿಡಿ" ಎಂದರು. ಸಿಗಲಿಲ್ಲ. ಮುಂದಿನ ವಾರ ವೈರು ಬದಲಾಯಿಸಿದರು. ಅದರ ಮುಂದಿನ ವಾರ ಪ್ಲಗ್ಗು. ಒಂದು ಸಲ ಕಿಟಕಿಯಿಂದ ತಂತಿ ಇಳಿಬಿಟ್ಟು ದಾಸವಾಳದ ಬುಡದಲ್ಲಿ ಹೂತು, "ದಿನಾ ಒಂದ್ ಚೊಂಬು ನೀರು ಹಾಕಿ" ಎಂದು ಹೋದರು. ದಾಸವಾಳ ಚೆನ್ನಾಗಿ ಹೂಬಿಟ್ಟಿತು, ಗುಂಯ್ ಹಾಗೇ ಇತ್ತು. ಸ್ಟೀರಿಯೊದ ಹಿಂದೆ ಒಂದು ಚೌಕದ ತೂತಿಗೆ ಕಪ್ಪು ಬಿರಡೆ ಹಾಕಿತ್ತು. ಇದೇನು ಎಂದರೆ, "ಜಿರಲೆ ಹೋಗ್ಬಾರ್ದು ಅಂತ ಮುಚ್ಚಿದಾರೆ" ಎಂದರು. ಇಬ್ಬರೂ ನಕ್ಕೆವು.

ಕೆಲಸಕ್ಕೆ ಅರ್ಧ ಗಂಟೆ, ಟೀಗೆ ಒಂದು ಗಂಟೆ. ಭಾಯ್ ಹಾಡು ಕೇಳುತ್ತ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಗಳ ಓದು, ಅಂಗಡಿಯ ಸೋರುವ ಹೆಂಚು, ಇನ್ನು ಟೇಪು ರಿಪೇರಿಗೆ ಯಾರೂ ಬರುವುದಿಲ್ಲ ಎಂಬ ಮಾತು, ಎಲ್ಲ ಆಗುತ್ತಿತ್ತು. ಎದ್ದು ಹೋಗುವಾಗ ಪ್ರತಿಸಲವೂ ಒಂದೇ ಮಾತು, "ಮುಂದಿನ್ವಾರ ಇನ್ನೊಂದ್ಸಲ ನೋಡಣ ಸಾರ್." ಹೀಗೆ ಎರಡು ವರ್ಷದ ಮೇಲಾಯಿತು. ಒಂದು ಗುಂಯ್ ಓಡಿಸಲು ಎರಡು ವರ್ಷ ಯಾಕೆ ಬೇಕು ಎಂದು ಲ್ಯಾಬಿನವನಾದ ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಆಮೇಲೆ ಕಂಪ್ಯೂಟರಿನ ಬೋರ್ಡು ಸುಟ್ಟು ಹೊಸದು ಹಾಕಿಸಿದೆ. ಅದರ ಹಿಂದೆಯೂ ಸ್ಟೀರಿಯೊದಲ್ಲಿದ್ದಂಥದೇ ಚೌಕದ ತೂತು, ಒಳಗೆ ಕೆಂಪು ಬೆಳಕು. ಜೊತೆಗೆ ಬಂದ ಪುಸ್ತಕ ಓದಿದೆ. ತಾಮ್ರದ ತಂತಿಯೇ ಬೇಡ, ಆಪ್ಟಿಕಲ್ ಎಂಬ ವೈರಿನಲ್ಲಿ ಸದ್ದು ಡಿಜಿಟಲ್ ಆಗಿ, ಬೆಳಕಾಗಿಯೇ ದಾಟುತ್ತದೆ, ಎರಡು ಪೆಟ್ಟಿಗೆಗಳಿಗೆ ಕರೆಂಟಿನ ನಂಟೇ ಇರುವುದಿಲ್ಲ ಎಂದಿತ್ತು. ನಂಟಿಲ್ಲದ ಮೇಲೆ ಗುಂಯ್ ಎಲ್ಲಿಯದು? ಭಾಯ್‌ಗೆ ಹೇಳಲಿಲ್ಲ. ಅವರಿಂದ ಆಗದ್ದು ನನ್ನಿಂದಾಯಿತು ಎಂದು ಜಂಭ ಕೊಚ್ಚುವ ಚಪಲ ನನಗೆ.

ಶಿವಮೊಗ್ಗಕ್ಕೆ ಹೋಗಿ ಸವಳಂಗ ರಸ್ತೆಯ ಅಂಗಡಿಯೊಂದರಲ್ಲಿ "ಆಪ್ಟಿಕಲ್ ವೈರು ಕೊಡಿ" ಎಂದೆ. ಅಂಗಡಿಯಾತ ನನ್ನ ಮುಖ ನೋಡಿ, "ಆಪ್ಟಿಕಲ್ಸ್ ಎದುರುಗಡೆ ಇದೆ ಸಾರ್" ಎಂದು ಕೈ ತೋರಿಸಿದ. ಎದುರುಗಡೆ ಇದ್ದದ್ದು ಕನ್ನಡಕದ ಅಂಗಡಿ. ಗೊತ್ತಿದ್ದೂ ಹೋದೆ ನೋಡಿ, ಸಿಟ್ಟಿನಲ್ಲಿ ಮನುಷ್ಯ ಎಲ್ಲಿಗೂ ಹೋಗುತ್ತಾನೆ. ಅಲ್ಲಿಯವರು ಮರ್ಯಾದೆಯಿಂದ ಕೂರಿಸಿ, "ಕನ್ನಡಕಕ್ಕೆ ಕಟ್ಟಿ ಕೊರಳಿಗೆ ಹಾಕ್ಕೊಳ್ತಾರಲ್ಲ, ಆ ದಾರಾನಾ ಸಾರ್? ಕರೀದು ಬೇಕಾ, ಕಂದು ಬೇಕಾ?" ಎಂದು ಕೇಳಿದರು. ಪಿತ್ತ ನೆತ್ತಿಗೇರಿತು. ಆದರೂ ಕರಿಯ ದಾರವೊಂದನ್ನು ಕೊಂಡೇ ಬಂದೆ, ಬರಿಗೈಯಲ್ಲಿ ಏಳಲು ಸಂಕೋಚವಾಗಿ. ಕೊನೆಗೆ ಇನ್ನೊಂದು ಅಂಗಡಿಯವರು ಬೆಂಗಳೂರಿನಿಂದ ತರಿಸಿಕೊಟ್ಟರು.

ಶನಿವಾರ ಬಿರಡೆ ಕಿತ್ತು ವೈರು ತೂರಿಸಿದರೆ ಅದು ಒಳಗೇ ಹೋಗದು. ತಳ್ಳಿದೆ, ತಿರುಗಿಸಿದೆ, ಬೈದೆ. ವೈರಿನ ತುದಿಗಳಿಗೆ ಗಾಜಿನ ಹಾಗೆ ಇದ್ದೂ ಕಾಣದ ತೆಳ್ಳನೆಯ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದರು, ಉಗುರಿಗೆ ಸಿಕ್ಕಾಗಲೇ ಗೊತ್ತಾದದ್ದು. ತೆಗೆದ ಮೇಲೆ ಟಕ್ ಎಂದು ಕೂತಿತು. ಕಂಪ್ಯೂಟರಿನೊಳಗೆ ಡಿಜಿಟಲ್ ಎನ್ನುವಲ್ಲಿ ಗುರುತು ಹಾಕಿದೆ. ಹಾಡು ಶುರುವಾಯಿತು. ಹಿಂದೆ ಏನೂ ಇಲ್ಲ. ಹಾಡುಗಾರ್ತಿ ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಖುಷಿಗೆ ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಭಾನುವಾರ ಭಾಯ್ ಬಂದರು. ಹಾಡು ಹಾಕಿ ಸುಮ್ಮನೆ ನಿಂತೆ. ಅವರು ತಲೆ ಓರೆ ಮಾಡಿ ಗುಂಯ್ ಹುಡುಕಿದರು. ಹಿಂದೆ ಬಗ್ಗಿ ವೈರಿನ ಒಂದು ತುದಿ ಬಿಚ್ಚಿ, ಕೆಂಪು ಬೆಳಕನ್ನು ಅಂಗೈ ಮೇಲೆ ಬಿಟ್ಟುಕೊಂಡು ನೋಡಿದರು.

"ಇದ್ರಲ್ಲಿ ಹಾಡು ಹೋಗ್ತದಾ ಸಾರ್?"

"ಹೂಂ. ತಾಮ್ರ ಇಲ್ಲ, ಅರ್ತಿಂಗ್ ಇಲ್ಲ, ಏನೂ ಇಲ್ಲ. ನಾನೇ ಮಾಡಿದ್ದು."

"ಬಹಳ ಚೆನ್ನಾಗಿದೆ" ಎಂದು ವೈರನ್ನು ಜೋಪಾನವಾಗಿ ಮತ್ತೆ ಕೂರಿಸಿದರು. ಬಿಚ್ಚದೇ ಇದ್ದ ರಿಪೇರಿ ಸಾಮಾನಿನ ಚೀಲ ಕೈಗೆತ್ತಿಕೊಂಡು, "ಇನ್ನ ನಂದೇನೂ ಕೆಲ್ಸ ಇಲ್ಲ ಬಿಡಿ" ಎಂದರು.

ಆಗ ನಾನು ನಕ್ಕು, "ಇನ್ಮೇಲೆ ಭಾನುವಾರ ನಿಮಗೂ ರಜ ಭಾಯ್" ಎಂದೆ. ಜಂಭದಲ್ಲಿದ್ದೆ. ಅವರು ಟೀ ಕುಡಿದರು, ನಿಂತುಕೊಂಡೇ. ಹೋಗುವಾಗ "ಬರ್ತೀನಿ ಸಾರ್" ಎಂದರು, ಮುಂದಿನ ವಾರದ ಮಾತೆತ್ತಲಿಲ್ಲ.

ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ನಾನು ಹಾಡು ಹಾಕಿ ಕೂತೆ. ಒಂದು ಹಾಡು ಮುಗಿದು ಇನ್ನೊಂದು ಬರುವ ನಡುವೆ ಮನೆ ಎಷ್ಟು ಖಾಲಿ ಎನ್ನುವುದು ಅಷ್ಟೇ ಸ್ವಚ್ಛವಾಗಿ ಕೇಳುತ್ತಿತ್ತು. ಅವರ ಅಂಗಡಿಗೆ ಹೋಗಬಹುದಿತ್ತು. ಕೆಲಸವಿಲ್ಲದೆ ಹೋಗಿ ಏನೆನ್ನುವುದು? "ಏನ್ ಸಾರ್, ಬಂದ್ರಿ?" ಎಂದು ಕೇಳಿದರೆ ಕೊಡಲು ನನ್ನ ಹತ್ತಿರ ಕೆಟ್ಟುಹೋದ ವಸ್ತು ಒಂದೂ ಇರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಸಂಜೆ ಬೆಳಕಿನ ವೈರು ಬಿಚ್ಚಿ ಹಳೆಯದನ್ನು ಸಿಕ್ಕಿಸಿದೆ. ಗುಂಯ್ ತಟ್ಟನೆ ಬಂತು. ಅಂಗಡಿಗೆ ಫೋನ್ ಮಾಡಿದೆ.

"ಭಾಯ್, ಗುಂಯ್ ಮತ್ತೆ ಶುರುವಾಗಿದೆ."

"ಬೆಳಕಲ್ಲಿ ಗುಂಯ್ ಬರಲ್ಲ ಸಾರ್" ಎಂದರು. ದನಿಯಲ್ಲಿ ಕೊಂಕಿರಲಿಲ್ಲ. "ಹಳೇ ವೈರು ಹಾಕಿದೀರಾ?"

ನಾನು ಕೈ ಚಾಚಿ ಸ್ಟೀರಿಯೊದ ಸದ್ದು ತಗ್ಗಿಸಿದೆ.

"ಮತ್ತೇನ್ ಸಾರ್, ಬೇರೆ ಏನಾರ ಇತ್ತಾ?" ಎಂದು ಕೇಳಿ ಕಾದರು. ಅವರು ಕಾಯುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಸುಮ್ಮನೆ ಬನ್ನಿ ಎಂದಿದ್ದರೆ ಸಾಕಿತ್ತು. ಅಷ್ಟು ಭಾನುವಾರಗಳಲ್ಲಿ ಆ ಎರಡು ಪದ ನಾನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ, ಹೇಳುವ ಅಭ್ಯಾಸವೇ ಇರಲಿಲ್ಲ.

"ಏನಿಲ್ಲ ಭಾಯ್, ನಾನೇ ನೋಡ್ಕೊಳ್ತೀನಿ" ಎಂದು ಫೋನ್ ಇಟ್ಟೆ.